ಜಸ್ತದ ಹೊಗೆ ಮತ್ತು ಮಂಗಳವಾರದ ಜ್ವರ

ಮೊಮ್ಮಕ್ಕಳೇ, ಕಳೆದ ಸಲ ರಜೆಗೆ ಬಂದಾಗ ನಿಮ್ಮಲ್ಲಿ ದೊಡ್ಡವಳು ತನ್ನ ಫೋನಿನಲ್ಲಿ ಒಂದು ಸೀಸೆಯ ಚಿತ್ರ ತೋರಿಸಿದಳು. ಸೀಸೆಯ ತಳದಲ್ಲಿ ಹಿಟ್ಟಿನಂಥ ಬಿಳಿ ಪುಡಿ. ಲೋಹ ಸುಟ್ಟರೆ ಆಗುವ ಪುಡಿ ಅದು, ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣದು, ನ್ಯಾನೋ ಕಣ ಎನ್ನುತ್ತಾರೆ, ಅದು ಮೈಯೊಳಗೆ ಹೋದರೆ ಎಷ್ಟು ಕೆಡುಕು ಮಾಡುತ್ತದೆ ಎಂದು ಅಳೆಯುವುದೇ ತನ್ನ ಓದು ಎಂದಳು. ಯಾವ ಲೋಹ ಎಂದು ಕೇಳಿದೆ. ಸತು ಎಂದಳು.

"ಸತು ಅಂದ್ರ ಜಸ್ತ ಏನಬೇ?"

"ಹೌದು ಆಯಿ. ನಿನಗ ಹೆಂಗ ಗೊತ್ತು?"

ನಾನು ಹಾಲು ಇಳಿಸುತ್ತೇನೆಂದು ಒಳಗೆ ಹೋದೆ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ನರೋಣಾದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ. ಅಲ್ಲಿಯೂ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಆ ಬಿಳಿ ಪುಡಿಯನ್ನು ನಾನು ಎಷ್ಟೋ ವರ್ಷ ಕಸಬರಿಗೆಯಿಂದ ಗುಡಿಸಿದ್ದೇನೆ.

ನನ್ನ ಯಜಮಾನರ, ನಿಮ್ಮ ಮುತ್ಯಾನ, ವೆಲ್ಡಿಂಗ್ ಅಂಗಡಿಯನ್ನು ನೀವು ಯಾರೂ ನೋಡಿಲ್ಲ. ಅಫಜಲಪುರದಲ್ಲಿ, ಸೊನ್ನದ ಕಡೆ ಹೋಗುವ ರಸ್ತೆಗೆ ಇತ್ತು. ಮುಂದೆ ಅಂಗಡಿ, ಹಿಂದೆ ನಾವಿರುವ ಎರಡು ಕೋಣೆ, ನಡುವೆ ಒಂದು ಬಾಗಿಲು. ನಾನು ಮದುವೆಯಾಗಿ ಬಂದಾಗ ಅಲ್ಲಿ ಬರೀ ಕರಿ ಕಬ್ಬಿಣದ, ಅಂದರೆ ಲೇಪವಿಲ್ಲದ ಕಬ್ಬಿಣದ, ಒಕ್ಕಲುತನದ ಸಾಮಾನಿನ ಕೆಲಸ. ಕೂರಿಗೆಯ ತಾಳು, ಕುಂಟೆಯ ಕುಡ, ಗಾಡಿಯ ಕೀಲು. ಕರಿ ಕಬ್ಬಿಣದ ಹೊಗೆ ಬೂದು ಬಣ್ಣದ್ದು, ನಮ್ಮ ಕಡೆ ಬರುವುದರೊಳಗೆ ಗಾಳಿಗೆ ಹೋಗಿಬಿಡುತ್ತಿತ್ತು.

ಆಮೇಲೆ ಪತ್ರಾದ, ಅಂದರೆ ತಗಡಿನ, ದೊಡ್ಡ ಕಾಳಿನ ಡಬ್ಬಿಗಳ ಕಾಲ ಬಂತು. ಅದಕ್ಕೂ ಮುಂಚೆ ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಎಂದರೆ ಮನೆಯ ಮುಂದೆ ನೆಲದಲ್ಲಿ ತೋಡಿದ ಆಳದ ಕಾಳಿನ ಕುಣಿ. ನರೋಣಾದ ನಮ್ಮ ಮನೆಯ ಮುಂದೆಯೂ ಒಂದಿತ್ತು. ವರ್ಷದ ಕೊನೆಗೆ ಅದರ ಬಾಯಿ ತೆಗೆದಾಗ ನನ್ನ ಅಪ್ಪ ಯಾರನ್ನೂ ಒಳಗೆ ಇಳಿಯಗೊಡುತ್ತಿರಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಮೊದಲು ಅದನ್ನು ಇಳಿಬಿಡುತ್ತಿದ್ದ. ದೀಪ ಆರಿತೆಂದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ. "ಕೆಟ್ಟ ಗಾಳಿಗಿ ಬಣ್ಣಿಲ್ಲ, ವಾಸನಿಲ್ಲ. ದೀಪಕ್ಕ ಕೇಳಬೇಕು," ಎನ್ನುತ್ತಿದ್ದ. ಹೀಗೆ ಕಾಣದ ಗಾಳಿಗೆ ಹೆದರುವ ಜನ ನಾವು. ಆದರೆ ಕಣ್ಣೆದುರೇ ಏಳುವ ಬಿಳಿ ಹೊಗೆಗೆ ಯಾರೂ ಹೆದರಲಿಲ್ಲ.

ಪತ್ರಾದ ಡಬ್ಬಿಯಲ್ಲಿ ಇಟ್ಟರೆ ಇಲಿ ಕಾಟವಿಲ್ಲ, ತೇವವಿಲ್ಲ. ಎಲ್ಲರಿಗೂ ಅದೇ ಬೇಕಾಯಿತು. ತುಕ್ಕು ಹಿಡಿಯಬಾರದೆಂದು ಆ ಪತ್ರಾಕ್ಕೆ ಜಸ್ತದ ಲೇಪ ಇರುತ್ತದೆ. ಅದರ ಮೇಲೆ ವೆಲ್ಡಿಂಗ್ ಬೆಂಕಿ ತಾಗಿದರೆ ಲೇಪ ಸುಟ್ಟು ದಟ್ಟ ಬಿಳಿ ಹೊಗೆ ಏಳುತ್ತದೆ. ಹೊಗೆ ಆರುತ್ತಿದ್ದಂತೆ ಹಿಂಜಿದ ಹತ್ತಿಯಂಥ ಎಳೆಗಳು ಅಂಗಡಿಯ ತುಂಬ ತೇಲುತ್ತಿದ್ದವು. ನಡುವಿನ ಬಾಗಿಲಿನಿಂದ ಒಳಗೂ ಬಂದು ಒಲೆಯ ಕಟ್ಟೆ, ರೊಟ್ಟಿಯ ಬುಟ್ಟಿ, ನನ್ನ ಸೆರಗಿನ ಮೇಲೆ ಕೂಡುತ್ತಿದ್ದವು. ನಿಮ್ಮ ಅಪ್ಪ ಆಗ ಚಿಕ್ಕವನು. ಅವುಗಳನ್ನು ಹಿಡಿಯಲು ಕೈ ಚಾಚಿ ಓಡಾಡುತ್ತಿದ್ದ. ಬೆರಳಿನಲ್ಲಿ ಉಜ್ಜಿದರೆ ಏನೂ ಇಲ್ಲದಂತೆ ಮಾಯ. ನೋಡಲು ಚೆಂದವೇ ಇತ್ತು.

ಅಂಗಡಿಗೆ ಸೋಮವಾರ ರಜೆ. ನಮ್ಮಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ದಿನ. ಹೊಲದ ಕೆಲಸ ನಿಂತ ಮೇಲೆ ಕೂರಿಗೆ ಕುಂಟೆ ತರುವವರೂ ಇರುವುದಿಲ್ಲ. ಇವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಂದು ಹೊತ್ತು ಉಂಡು, ಮಧ್ಯಾಹ್ನ ಮಲಗುತ್ತಿದ್ದರು.

ಪತ್ರಾದ ಕೆಲಸ ಶುರುವಾದ ಮೇಲೆ ಮಂಗಳವಾರದ ಜ್ವರವೂ ಶುರುವಾಯಿತು. ಮಂಗಳವಾರ ಬೆಳಿಗ್ಗೆ ಆರಾಮವಾಗಿ ಅಂಗಡಿ ತೆಗೆಯುವರು. ದೀಪ ಹಚ್ಚುವ ಹೊತ್ತಿಗೆ ಮೈ ನಡುಗಿ, ಎದೆ ಬಿಗಿದು, ಕೌದಿ ಹೊದ್ದು ಮಲಗುವರು. ಮರುದಿನ ಎದ್ದರೆ ಏನೂ ಆಗಿಲ್ಲದ ಹಾಗೆ. ಬುಧವಾರ, ಗುರುವಾರ ಅದೇ ಕೆಲಸ ಮಾಡಿದರೂ ಜ್ವರವಿಲ್ಲ. ಮತ್ತೆ ಮಂಗಳವಾರ ಬಂದರೆ ಅದೇ ನಡುಕ. ಊರಿನ ಡಾಕ್ಟರು ಮಲೇರಿಯಾ ಎಂದು ಕಹಿ ಗುಳಿಗೆ ಕೊಟ್ಟರು. ಗುಳಿಗೆ ಮುಗಿದರೂ ಮಂಗಳವಾರ ಬಿಡಲಿಲ್ಲ.

ಇನ್ನೊಂದು ಸಂಗತಿ ಇತ್ತು. ಆ ಮಂಗಳವಾರಗಳಂದು, ಜ್ವರಕ್ಕೆ ಮೊದಲು, ಸಂಜೆಯ ಚಹಾ ಕುಡಿಯುವಾಗ ಇವರು ನನ್ನ ಮೇಲೆ ರೇಗುತ್ತಿದ್ದರು.

"ಏನ ಇದು, ಛಾ ಮಾಡೀದ್ಯೋ ಪಾಯಸ ಮಾಡೀದ್ಯೋ? ಸಕ್ಕರಿ ಭಾಳ ಆಗ್ಯಾದ."

"ದಿನಾ ಹಾಕೋದೇ ಹಾಕೀನ್ರಿ."

"ನಾಲಗಿ ನಂದು, ನನಗ ಗೊತ್ತಾಗಂಗಿಲ್ಲೇನ?"

ನಮ್ಮ ಅತ್ತೆ ನಡುವೆ ಬರುತ್ತಿದ್ದರು. ಹೊಗೆಯಲ್ಲಿ ದುಡಿಯುವವರು ಬೆಲ್ಲ ತಿನ್ನಬೇಕು, ಬೆಲ್ಲ ಗಂಟಲ ತೊಳೆಯುತ್ತದೆ ಎಂದು ಅವರ ನಂಬಿಕೆ. ಕೆಲಸ ಮುಗಿಸಿ ಬಂದ ಕೂಡಲೇ ಮಗನ ಕೈಯಲ್ಲಿ ಬೆಲ್ಲದ ಹೆಂಟೆ ಇಡುತ್ತಿದ್ದರು. "ಬೆಲ್ಲ ಬಾಯಾಗ ಇಟ್ಕೊಂಡ ಕುಡದ್ರ ಛಾ ಸಿಹಿ ಆಗ್ದೆ ಕಹಿ ಆಗ್ತದೇನೋ ಯಪ್ಪಾ? ಆಕಿನ್ನ ಯಾಕ ಬೈತಿ?" ಎನ್ನುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬುಧವಾರವೂ ಬೆಲ್ಲ ತಿನ್ನುತ್ತಿದ್ದರಲ್ಲ. ಬುಧವಾರದ ಚಹಾಕ್ಕೆ ದೂರು ಇರುತ್ತಿರಲಿಲ್ಲ. ಇದು ನನ್ನ ಮನಸ್ಸಿನಲ್ಲಿ ಕುಳಿತಿತ್ತು.

ಜ್ವರಕ್ಕೆ ಮನೆಯವರು ಹುಡುಕಿದ ಕಾರಣ ಕೇಳಿ. ಮೊದಲು ಅತ್ತೆಗೆ ಸೋಮವಾರದ ಒಪ್ಪತ್ತಿನ ಮೇಲೆ ಅನುಮಾನ ಬಂತು. ಹಸಿದ ಮೈಗೆ ಮರುದಿನ ಬೆಂಕಿಯ ಕೆಲಸ ತಾಳುವುದಿಲ್ಲ ಎಂದು ಸೋಮವಾರವೂ ಎರಡು ಹೊತ್ತು ಉಣ್ಣಿಸಿದರು. ಜ್ವರ ಬಂತು. ಆಮೇಲೆ ಇವರೇ ಲೆಕ್ಕ ಹಾಕಿದರು. ದುಡಿದ ದಿನದ ಮರುದಿನ ಜ್ವರವಿಲ್ಲ, ಕೂತ ದಿನದ ಮರುದಿನ ಜ್ವರ. ಅಂದರೆ ಕೂಡುವುದೇ ತಪ್ಪು.

"ಯವ್ವಾ, ನಾ ಸೋಮವಾರಾನೂ ಅಂಗಡಿ ತೆಗೀತೇನಿ," ಎಂದರು.

ಅತ್ತೆ ಮೊದಲು ಬೈದರು. "ಸೋಮವಾರ ಎತ್ತಿಗೂ ರಜಾ ಅದ. ನೀ ಎತ್ತಿಗಿಂತ ಕಡಿ ಆದ್ಯೇನೋ?"

"ಎತ್ತು ಕೂತ್ರ ಎತ್ತಿಗಿ ಜ್ವರ ಬರಂಗಿಲ್ಲ. ನನಗ ಬರ್ತದ."

ಸೋಮವಾರ ಅಂಗಡಿ ತೆಗೆದರು. ಮಂಗಳವಾರ ಜ್ವರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಚಹಾದ ದೂರೂ ನಿಂತಿತು. ಅತ್ತೆ ಸೋತರು. "ದುಡಿಯೋ ಮೈ ಅದು, ಕೂಡಿಸಬಾರದು ನೋಡು," ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದರು. ಬಸವಣ್ಣನ ಮುಂದೆ ಕಾಯಿ ಒಡೆಸಿ, ರಜೆ ಮುರಿದದ್ದಕ್ಕೆ ಕ್ಷಮೆ ಕೇಳಿದರು. ನಾವೆಲ್ಲ ರೋಗ ಹೋಯಿತು ಎಂದೇ ತಿಳಿದೆವು. ಡಬ್ಬಿಗಳು ಇನ್ನೂ ಹೆಚ್ಚಿದವು. ಬಿಡುವಿಲ್ಲದ ದುಡಿತ. ಬೆಳಗಿನ ಹೊತ್ತು ಒಣ ಕೆಮ್ಮು ಶುರುವಾಯಿತು. ಕೆಮ್ಮಿಗೆ ಯಾರು ಹೆದರುತ್ತಾರೆ? ಇವರ ಹಾಗೆ ಬೀಡಿ ಸೇದುವ ಗಂಡಸರೆಲ್ಲ ಕೆಮ್ಮುತ್ತಾರೆ.

ಒಂದು ಮಳೆಗಾಲದಲ್ಲಿ ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ ನಮ್ಮ ಅತ್ತೆಯ ತವರಿನ ಮದುವೆ ಇತ್ತು. ಬಹಳ ದಿನಗಳ ನಂತರ ಅಂಗಡಿ ಮುಚ್ಚಿ ಎಲ್ಲರೂ ಹೋದೆವು. ಮದುವೆ, ಬೀಗರ ಊಟ, ಮಠದಲ್ಲಿ ಪ್ರಸಾದ ಎಂದು ಒಂದು ವಾರವೇ ಆಯಿತು. ಅಲ್ಲಿ ಇವರ ಕೆಮ್ಮು ಕಡಿಮೆಯಾದದ್ದನ್ನು ನಾನು ನೋಡಿದೆ. ತಿರುಗಿ ಬಂದ ಮರುದಿನವೇ ಡಬ್ಬಿಗಳಿಗಾಗಿ ಜನ ಕಾದಿದ್ದರು. ಹೊರಗೆ ಮಳೆ ಜೋರಾಗಿತ್ತು. ಮಳೆಯಲ್ಲಿ ಕರೆಂಟಿನ ಕೆಲಸ ಮಾಡಿದರೆ ಶಾಕ್ ಹೊಡೆಯುತ್ತದೆಂದು ಇವರು ಮುಂದಿನ ಬಾಗಿಲು ಎಳೆದುಕೊಂಡು ಒಳಗೇ ಇಡೀ ದಿನ ವೆಲ್ಡಿಂಗ್ ಮಾಡಿದರು. ನಡುವಿನ ಬಾಗಿಲ ಸಂದಿಯಿಂದ ಬಿಳಿ ಹೊಗೆ ಹಾಲು ಉಕ್ಕಿದಂತೆ ಒಳಗೆ ಬಂತು. ನಾನು ಮಗನನ್ನು ಹಿತ್ತಿಲಿಗೆ ಕಳಿಸಿದೆ.

ಸಂಜೆ ಚಹಾ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಮತ್ತ ಸಕ್ಕರಿ ಸುರುವೀದಿ," ಎಂದರು. ರೇಗಲಿಲ್ಲ. ರೇಗುವ ಶಕ್ತಿ ಇರಲಿಲ್ಲ.

ಆ ಜ್ವರ ಬೆಳಗಾದರೂ ಬಿಡಲಿಲ್ಲ. ಉಸಿರು ಎಳೆದರೆ ಎದೆಯಲ್ಲಿ ಗೊರಗೊರ ಸದ್ದು. ತುಟಿ ಕಪ್ಪಗಾಗಿದ್ದವು. ಒಂದು ಜೀಪಿನಲ್ಲಿ ಹಾಕಿಕೊಂಡು ಗುಲ್ಬರ್ಗದ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಅತ್ತೆ ಮಗನ ಎದೆಯ ಮೇಲೆ ವಿಭೂತಿ ಹಚ್ಚುತ್ತ, "ಅಂದೋಲಾದಾಗ ಕೂಡಿಸಿದ್ದೇ ತಪ್ಪಾತು, ವಾರಗಟ್ಲೆ ಕೂಡಿಸಿದ್ದೇ ತಪ್ಪಾತು," ಎಂದು ಅಳುತ್ತಿದ್ದರು. ನಾನು ಇವರ ಎದೆ ಏಳುವುದನ್ನೇ ನೋಡುತ್ತಿದ್ದೆ. ಪ್ರತಿ ಸಲವೂ ಇದು ಕೊನೆಯದೇನೋ ಅನ್ನಿಸುತ್ತಿತ್ತು.

ಅಲ್ಲಿಯ ಡಾಕ್ಟರು ಮೈಸೂರು ಕಡೆಯವರು, ವಯಸ್ಸಾದವರು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಸಿ, ಎದೆಯ ಫೋಟೊ ತೆಗೆಸಿದರು. ಇವರ ಉಸಿರು ಸ್ವಲ್ಪ ಹಗುರಾದ ಮೇಲೆ ಮಂಚದ ಪಕ್ಕ ನಿಂತು ವಿಚಾರಿಸಿದರು.

"ಎಷ್ಟು ದಿನದಿಂದ ಹೀಗೆ?"

ಅತ್ತೆ ಉತ್ತರ ಕೊಟ್ಟರು. "ಹಿಂದಕ ಮಂಗಳವಾರಕ್ಕೊಮ್ಮೆ ಜ್ವರ ಬರ್ತಿತ್ರಿ ಸಾಹೇಬ್ರ. ದುಡಿಮಿ ಹೆಚ್ಚ ಮಾಡಿದ್ರ ಹೋತ್ರಿ. ಕೂತ್ರ ಬರ್ತದರಿ ಅವನಿಗಿ."

"ಕೂತರೆ ಜ್ವರ ಬರುತ್ತಾ?" ಡಾಕ್ಟರು ಸಣ್ಣಗೆ ನಕ್ಕರು. "ಹಾಗಾದರೆ ನಮ್ಮ ಆಫೀಸಿನವರೆಲ್ಲ ವರ್ಷವಿಡೀ ಮಲಗಿರಬೇಕಿತ್ತಲ್ಲಮ್ಮ."

ಅವರು ತಿರುಗಿ ಹೊರಟರು. ನಾನು ಗೋಡೆಗೆ ಆನಿಕೊಂಡು, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದೆ. ಗಂಡನ ಹೆಸರು ಹೇಳಲೂ ನಾಚುವ ಕಾಲ ಅದು. ಪರ ಗಂಡಸಿನ ಜೊತೆ ಮಾತು ಎಲ್ಲಿಯದು? ಆದರೆ ಅವರು ಬಾಗಿಲು ದಾಟುತ್ತಿದ್ದರು. ನನ್ನ ಬಾಯಿಂದ ಮಾತು ಹೊರಗೆ ಬಿತ್ತು.

"ಛಾ ಸಿಹಿ ಹತ್ತತದರಿ."

ಡಾಕ್ಟರು ನಿಂತರು. "ಏನಂದಿರಿ?"

"ಜ್ವರ ಬರೂ ದಿನ... ಜ್ವರಕ್ಕಿಂತ ಮುಂಚೆ... ಅವರಿಗಿ ಛಾ ಭಾಳ ಸಿಹಿ ಹತ್ತತದರಿ. ಸಕ್ಕರಿ ನಾ ಅಷ್ಟೇ ಹಾಕಿರ್ತೇನ್ರಿ."

ಅತ್ತೆ ನನ್ನ ತೋಳು ಹಿಡಿದರು. "ಸುಮ್ಕಿರಬೇ. ಇಲ್ಲಿ ಜೀವ ಹೋಗಾಕತ್ತದ, ಛಾದ ಮಾತು ತೆಗೀತಿ."

ಡಾಕ್ಟರು ನಗಲಿಲ್ಲ. ಮರಳಿ ಬಂದು ಸ್ಟೂಲು ಎಳೆದು ಕುಳಿತರು. ಏನು ಕೆಲಸ, ಯಾವ ಕಬ್ಬಿಣ, ಹೊಗೆ ಯಾವ ಬಣ್ಣ, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಂದು ಒಂದೊಂದಾಗಿ ಕೇಳಿದರು. ನಾನು ಸೆರಗಿನೊಳಗಿಂದಲೇ ಹೇಳಿದೆ. ಕೇಳಿ ಮುಗಿದ ಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ.

"ಆ ಬಿಳಿ ಹೊಗೆ ಇದೆಯಲ್ಲ, ಅದು ಸತು ಸುಟ್ಟು ಆದ ಧೂಳು. ಮೂಗು ಗಂಟಲು ತಡೆಯಲಾರದಷ್ಟು ಸಣ್ಣದು. ನೇರ ಎದೆಯ ತಳಕ್ಕೆ ಇಳಿಯುತ್ತೆ. ಮೈ ಅದರ ಜೊತೆ ಜಗಳ ಮಾಡುತ್ತೆ. ಆ ಜಗಳವೇ ಜ್ವರ. ದಿನಾ ಹೊಗೆ ಕುಡಿದರೆ ಮೈಗೆ ಅಭ್ಯಾಸವಾಗಿ ಜಗಳ ನಿಲ್ಲಿಸಿಬಿಡುತ್ತೆ. ಒಂದು ದಿನ ಬಿಟ್ಟರೆ ಅಭ್ಯಾಸ ತಪ್ಪುತ್ತೆ, ಮತ್ತೆ ಜಗಳ. ಜ್ವರ ನಿಂತದ್ದನ್ನ ನೀವು ಗುಣ ಅಂದುಕೊಂಡಿರಿ. ಹೊಗೆ ಮಾತ್ರ ಒಳಗೆ ಹೋಗ್ತಾನೇ ಇತ್ತು."

ಅತ್ತೆ ಮಗನ ಕಾಲ ಮೇಲೆ ಹೊದಿಕೆ ಎಳೆದರು. ಕೊನೆಗೆ ಕೇಳಿದರು, "ಅಂದ್ರ ಸೋಮವಾರ ಕೂತದ್ದು ತಪ್ಪಲ್ಲೇನ್ರಿ?"

"ಸೋಮವಾರ ಒಂದೇ ದಿನ ಅವರ ಎದೆಗೆ ರಜೆ ಇತ್ತಮ್ಮ. ಅದನ್ನೂ ಕಿತ್ತುಕೊಂಡಿರಿ."

ಆದರೂ ಅವರು ಖಂಡಿತವಾಗಿ ಹೇಳಲಿಲ್ಲ. ಬೀಡಿ ಇದೆ, ಬೇರೆ ಧೂಳು ಇದೆ, ಯಾವುದು ಎಷ್ಟು ಮಾಡಿದೆ ಎಂದು ಎದೆಯ ಫೋಟೊ ಹೇಳುವುದಿಲ್ಲ ಎಂದರು. ಪೂರಾ ಗುಣವಾದ ಮೇಲೆ ಬರೀ ಕರಿ ಕಬ್ಬಿಣದ ಕೆಲಸ ಮಾಡಿ, ಸೋಮವಾರ ರಜೆ ಇಟ್ಟು, ಮಂಗಳವಾರ ಏನಾಗುತ್ತದೆ ನೋಡಿ ಎಂದರು. ಪತ್ರಾದ ತಂಟೆಗೆ ಹೋಗಬೇಡಿ, ಇನ್ನೊಂದು ಸಲ ಹೀಗೆ ಬಂದರೆ ಉಸಿರು ತಿರುಗಿ ಬರುತ್ತದೆಂದು ನಾನು ಮಾತು ಕೊಡಲಾರೆ ಎಂದರು.

ಮನೆಗೆ ಬಂದ ಮೇಲೆ ಇವರು ಹಾಗೆಯೇ ಮಾಡಿದರು. ಸೋಮವಾರ ಅಂಗಡಿ ಮುಚ್ಚಿತು. ಮಂಗಳವಾರ ಕೂರಿಗೆ, ಕುಂಟೆ. ಸಂಜೆ ಅತ್ತೆ ಮತ್ತು ನಾನು ಇವರ ಮುಖ ನೋಡುತ್ತ ಕೂಡುತ್ತಿದ್ದೆವು. ಜ್ವರವಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಹಿಂಗಾರಿ ಬಿತ್ತನೆ ಮುಗಿಯುವವರೆಗೆ ಒಂದು ಸಲವೂ ಬರಲಿಲ್ಲ. ಕೆಮ್ಮೂ ಇಳಿಯಿತು. ಆದರೆ ಮೈ ಆರಾಮಾದಂತೆ ಇವರಿಗೆ ಡಾಕ್ಟರ ಮಾತು ಹಗುರಾಯಿತು. ಬಿತ್ತನೆ ಮುಗಿದ ಮೇಲೆ ಕೂರಿಗೆ ತರುವವರಿಲ್ಲ. ಡಬ್ಬಿ ಕೇಳುವವರು ದಿನಾ ಬಂದು ಹೋಗುತ್ತಿದ್ದರು.

"ಬಾಗಲಾ ತೆಗೆದು ಮಾಡ್ತೇನಿ. ಅವತ್ತ ಬಾಗಲಾ ಮುಚ್ಚಿದ್ದಕ್ಕ ಹಂಗ ಆತು," ಎಂದರು.

"ಡಾಕ್ಟರ್ ಬ್ಯಾಡ ಅಂದಾರಲ್ರಿ."

"ಡಾಕ್ಟರ್ ಬಂದು ಡಬ್ಬಿ ಮಾಡಿ ಕೊಡ್ತಾರೇನ? ಏನೂ ಆಗಂಗಿಲ್ಲ, ಸುಮ್ಮ ಕೂಡು."

ನಾನು ಎದುರು ಮಾತಾಡುವವಳಲ್ಲ. ಅತ್ತೆ ಅತ್ತರೂ ಇವರು ಕೇಳುವವರಲ್ಲ. ಮಂಗಳವಾರ ಬಾಗಿಲು ತೆರೆದಿಟ್ಟೇ ಪತ್ರಾಕ್ಕೆ ಬೆಂಕಿ ಹಚ್ಚಿದರು. ಬಿಳಿ ಎಳೆಗಳು ಮತ್ತೆ ಒಲೆಯ ಕಟ್ಟೆಗೆ ಬಂದು ಕೂತವು. ಅದನ್ನು ನೋಡುತ್ತ ನಿಂತಾಗ ನನಗೆ ಅಪ್ಪನ ಕಂದೀಲು ನೆನಪಾಯಿತು.

ಅಂದು ಇವರಿಗೆ ಬೆಲ್ಲ ಕೊಡಬೇಡಿ ಎಂದು ಅತ್ತೆಗೆ ಹೇಳಿದೆ. ಅವರು ಯಾಕೆಂದು ಕೇಳಲಿಲ್ಲ. ನನ್ನ ಮುಖ ನೋಡಿ ಬೆಲ್ಲದ ಡಬ್ಬಿಯನ್ನು ಮೇಲಿನ ಗೂಡಿಗೆ ಇಟ್ಟರು. ನಾನು ಚಹಾ ಕುದಿಸಿದೆ. ಸಕ್ಕರೆ ಹಾಕಲಿಲ್ಲ. ಒಂದು ಕಾಳೂ ಹಾಕಲಿಲ್ಲ. ಲೋಟ ಕೈಗೆ ಕೊಟ್ಟು, ಹೋಗಿ ಬಾಗಿಲಿಗೆ ನಿಂತೆ. ಇವರು ಕುಡಿದು "ಇದೇನು ಸಪ್ಪನ ಛಾ" ಎಂದು ಬೈಯಲಿ, ಬೈದರೆ ಸಾಕು ಎಂದು ಬೇಡಿಕೊಂಡೆ.

ಇವರು ಊದಿ ಊದಿ ಕುಡಿದರು. ಅರ್ಧ ಲೋಟ ಆದ ಮೇಲೆ ಮುಖ ಕಿವುಚಿದರು.

"ಎಷ್ಟ ಸಲ ಹೇಳಬೇಕು ನಿನಗ? ಸಕ್ಕರಿ ಭಾಳ ಆಗ್ಯಾದ."

ನಾನು ಬಾಗಿಲು ಬಿಟ್ಟು ಹತ್ತಿರ ಬಂದೆ.

"ಸಕ್ಕರಿ ಹಾಕೇ ಇಲ್ರಿ," ಎಂದೆ.

ಇವರು ನನ್ನನ್ನು ನೋಡಿದರು. ಅತ್ತೆಯತ್ತ ಲೋಟ ಚಾಚಿದರು. ಅತ್ತೆ ಒಂದು ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಬರೇ ಎಲಿ ನೀರು ಅದೋ ಯಪ್ಪಾ," ಎಂದರು. ದೀಪ ಹಚ್ಚುವ ಹೊತ್ತಿಗೆ ನಡುಕ ಬಂತು. ಬಾಗಿಲು ತೆರೆದಿದ್ದರಿಂದಲೋ ಏನೋ, ಹಿಂದಿನಷ್ಟು ಕೆಟ್ಟದ್ದಾಗಿರಲಿಲ್ಲ, ಬೆಳಗಿಗೆ ಇಳಿಯಿತು. ಕೌದಿಯೊಳಗಿಂದ ಇವರು ಒಂದೇ ಮಾತು ಹೇಳಿದರು. "ನಾಳಿಗಿ ಆ ಪತ್ರಾ ಎಲ್ಲಾ ಹೊರಗ ತೆಗೆದಿಡು."

ಅಂದಿನಿಂದ ಪತ್ರಾಕ್ಕೆ ಬೆಂಕಿ ಮುಟ್ಟಿಸಲಿಲ್ಲ. ಡಬ್ಬಿ ಬಿಡಲೂ ಆಗದು. ಅಂಚನ್ನು ಮಡಿಚಿ, ಸುತ್ತಿಗೆಯಿಂದ ಬಡಿದು, ತೂತು ಕೊರೆದು ರಿವಿಟ್ ಹೊಡೆದು ಮಾಡತೊಡಗಿದರು. ತಡವಾಗುವ ಕೆಲಸ. ಇಡೀ ದಿನ ಢಣಢಣ ಸಪ್ಪಳ. "ಏನಪಾ, ವೆಲ್ಡಿಂಗ್ ಬಿಟ್ಟು ಹಲಗಿ ಬಡಿಯಾಕ ಕಲ್ತ್ಯೇನ? ನಮ್ಮ ಮದವಿಗಿ ಬರ್ತೀಯಾ?" ಎಂದು ಗಿರಾಕಿಗಳು ಕಾಡುತ್ತಿದ್ದರು. ಕೆಲವರು ಕಾಯಲಾರದೆ ಬೇರೆ ಅಂಗಡಿಗೆ ಹೋದರು. ಅಲ್ಲಿ ಬಿಳಿ ಹೊಗೆ ಏಳುತ್ತಲೇ ಇತ್ತು. ಇವರು ಹೋಗಿ ಹೇಳಿ ಬಂದರು. ಅವರು ಬೆಲ್ಲ ತಿನ್ನುತ್ತೇವೆ ಎಂದರಂತೆ.

ನಿಮ್ಮ ಮುತ್ಯಾ ಆಮೇಲೆ ಬಹಳ ವರ್ಷ ಬದುಕಿದರು. ನಿಮ್ಮ ಅಪ್ಪನ ಮದುವೆ ನೋಡಿದರು. ಆದರೆ ಎದೆ ಮೊದಲಿನ ಹಾಗೆ ಆಗಲಿಲ್ಲ. ಬಾವಿಯ ನೀರು ಸೇದಿದರೆ ಏದುಸಿರು ಬರುತ್ತಿತ್ತು. ಕೊನೆಯ ಚಳಿಗಾಲದಲ್ಲಿ ಆ ಏದುಸಿರೇ ಅವರನ್ನು ಒಯ್ದಿತು. ಬಿಳಿ ಹೊಗೆಯೇ ಕಾರಣವೇ ಎಂದು ಬೇರೆ ಡಾಕ್ಟರನ್ನು ನಿಮ್ಮ ಅಪ್ಪ ಕೇಳಿದ. ಇರಬಹುದು, ಇಲ್ಲದಿರಬಹುದು ಎಂದರು ಅವರು. ನನಗೂ ಗೊತ್ತಿಲ್ಲ. ಗೊತ್ತಿದೆ ಎಂದು ನಿಮಗೆ ಹೇಳಿದರೆ ಸುಳ್ಳಾಗುತ್ತದೆ. ದೊಡ್ಡವಳಿಗೆ ಹೇಳುವುದು ಇಷ್ಟೇ: ಆ ಪುಡಿ ಮುಟ್ಟಿದ ಜೀವ ನಡುಗಿದರೆ ನೀನು ನೋಡಿ ಬರೆದುಕೊಳ್ಳುತ್ತೀಯ. ನಡುಗುವುದನ್ನು ನಿಲ್ಲಿಸಿದ ಜೀವವನ್ನೂ ಬಿಡಬೇಡ. ಅಲ್ಲಿಯೇ ನಾವು ತಪ್ಪಿದೆವು.

ಆ ಸಂಜೆಯ ನಂತರ ನನಗೊಂದು ರೂಢಿ ಬಿತ್ತು. ಮಂಗಳವಾರದ ಚಹಾಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಹಾಕಿ ಕೊಡುತ್ತಿದ್ದೆ. ಯಾಕೆಂದು ಇವರಿಗೂ ಗೊತ್ತಿತ್ತು. ಒಂದು ಗುಟುಕು ಕುಡಿದು, ನನ್ನನ್ನು ಕಾಯಿಸಲೆಂದೇ ತುಸು ಹೊತ್ತು ಸುಮ್ಮನಿದ್ದು, ಆಮೇಲೆ ಹೇಳುತ್ತಿದ್ದರು.

"ಸಕ್ಕರಿ ಏನ ರೇಷನ್ದಾಗ ಬರಲಿಲ್ಲೇನ ಈ ವಾರ?"

ಆಗ ನಾನು ಎದ್ದು ಸಕ್ಕರೆಯ ಡಬ್ಬಿ ತರುತ್ತಿದ್ದೆ.